ನವರಾತ್ರಿಯ ತೇವ, ಟ್ರಾಕ್ಟರಿನ ಬಣ್ಣ

ಮಹಾನವಮಿಗೆ ಇನ್ನೆಂಟು ಹತ್ತು ದಿನಗಳಿರುವಾಗ ಕನಕಪುರ ರಸ್ತೆಯಲ್ಲಿ ಬನಶಂಕರಿಯ ಕಡೆಗೆ ಬರುವ ಟ್ರಾಕ್ಟರುಗಳಲ್ಲಿ ಕೆಲವು ಇಟ್ಟಿಗೆಯನ್ನಾಗಲಿ, ಜಲ್ಲಿಯನ್ನಾಗಲಿ, ನೀರಿನ ಟ್ಯಾಂಕನ್ನಾಗಲಿ ಎಳೆಯದೆ ಒಂಟಿಯಾಗಿ ಬರುವುದುಂಟು. ಅವು ಬಣ್ಣಕ್ಕೆಂದು ಹೊರಟ ಗಾಡಿಗಳು. ವರ್ಷವೆಲ್ಲ ಕೆಸರಿನಲ್ಲಿಯೂ ಸಗಣಿ ಗೊಬ್ಬರಗಳಲ್ಲಿಯೂ ಮಿಂದು, ತಮ್ಮ ಮೂಲವರ್ಣವಾವುದೆಂಬುದನ್ನೇ ಮರೆತಂತಿರುವ ಈ ಯಂತ್ರಗಳನ್ನು ಆಯುಧಪೂಜೆಯ ಬೆಳಗ್ಗೆ ಬಾಳೆಕಂದಿನ ನಡುವೆ ಹೊಸ ಮದುವಣಿಗನಂತೆ ನಿಲ್ಲಿಸಬೇಕೆಂಬುದು ಒಡೆಯನ ಅಭಿಲಾಷೆ. ಅಭಿಲಾಷೆ ಸಹಜವಾದುದು, ಪೂಜ್ಯವಾದುದು. ಆದರೆ ಅದಕ್ಕೂ ಋತುಧರ್ಮಕ್ಕೂ ಹಗೆತನವಿದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ, ತನ್ನ ಹವೆಯ ಹಿತಕ್ಕಾಗಿಯೇ ಹೆಸರಾದ ಬೆಂಗಳೂರಿನಲ್ಲಿ ವರ್ಷದ ಮಳೆ ಒಂದು ಸಾವಿರ ಮಿಲಿಮೀಟರಿನ ಆಸುಪಾಸು. ಅದರಲ್ಲಿ ಐದನೆಯ ಒಂದು ಪಾಲು, ಎಂದರೆ 200 ಮಿಲಿಮೀಟರಿನಷ್ಟು, ಸೆಪ್ಟೆಂಬರ್ ತಿಂಗಳೊಂದರಲ್ಲಿಯೇ ಸುರಿಯುವುದು, ಅಕ್ಟೋಬರೂ ಅದಕ್ಕಿಂತ ಬಹಳ ಹಿಂದೆ ಉಳಿಯುವುದಿಲ್ಲ. ಆಯುಧಪೂಜೆ ಬರುವುದು ಈ ಎರಡು ತಿಂಗಳುಗಳಲ್ಲಿಯೇ. ಬಣ್ಣಕ್ಕೆ ಒಣಗಾಳಿ ಬೇಕು. ಹಬ್ಬ ಬರುವುದೋ ತೇವದ ಗಾಳಿಯಲ್ಲಿ. ದಕ್ಷಿಣ ಬೆಂಗಳೂರಿನ ಬಣ್ಣದ ಮೇಸ್ತ್ರಿಗಳು ಬಣ್ಣ ಸಿಂಪಡಿಸುವ ಯಾವ ಗನ್ನನ್ನು ಕೊಂಡರು, ಯಾವುದನ್ನು ಮೂಲೆಗಿಟ್ಟರು, ಕುಂಚವನ್ನು ಏಕೆ ಕೈಬಿಡಲಿಲ್ಲ ಎಂಬುದರ ಚರಿತ್ರೆಯೆಲ್ಲ ಈ ಒಂದು ವಿರೋಧದಿಂದ ಹುಟ್ಟಿದುದೆಂದು ನಾನು ಬಗೆದಿದ್ದೇನೆ.

ಟ್ರಾಕ್ಟರು ಬರುವುದಕ್ಕೆ ಮುಂಚೆಯೂ ಈ ನೆಲದಲ್ಲಿ ಬೇಸಾಯದ ಉಪಕರಣಗಳಿಗೆ ಲೇಪವಿತ್ತು. ಇಂದು ಬಿ.ಟಿ.ಎಂ. ಎಂಬ ಮೂರಕ್ಷರಗಳಲ್ಲಿ ಅಡಗಿ ಕುಳಿತಿರುವ ಬೈರಸಂದ್ರ, ತಾವರೆಕೆರೆ, ಮಡಿವಾಳಗಳೂ, ಜಯನಗರ ಜೆ.ಪಿ. ನಗರಗಳ ನಡುವೆ ಹೆಸರನ್ನಷ್ಟೇ ಉಳಿಸಿಕೊಂಡಿರುವ ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿಗಳೂ ಒಂದೊಂದು ಕೆರೆಯನ್ನು ನೆಚ್ಚಿ ರಾಗಿ ಅವರೆಗಳನ್ನು ಬೆಳೆಯುತ್ತಿದ್ದ ಹಳ್ಳಿಗಳು. ಅಲ್ಲಿಯ ಒಕ್ಕಲಿಗನು ಮಳೆಗಾಲ ಕಳೆದ ಮೇಲೆ ನೇಗಿಲನ್ನು ತೊಳೆದು, ಮೇಳಿಗೂ ನೊಗಕ್ಕೂ ಹೊಂಗೆಯ ಎಣ್ಣೆಯನ್ನು ಸವರಿ, ಕಬ್ಬಿಣದ ಕುಳಕ್ಕೆ ತುಕ್ಕು ಹತ್ತದಂತೆ ಅದೇ ಎಣ್ಣೆಯನ್ನು ಒರೆಸಿ ಅಟ್ಟದ ಮೇಲಿಡುತ್ತಿದ್ದನು. ಗಾಡಿಯ ಅಚ್ಚಿಗೆ ಕೀಲೆಣ್ಣೆ. ಪೂಜೆಗೆ ಕೆಮ್ಮಣ್ಣು, ಸುಣ್ಣ, ಅರಿಸಿನ, ಕುಂಕುಮ. ಎಣ್ಣೆಯ ಲೇಪಕ್ಕೆ ಹೊಳಪು ಕಡಮೆಯಾದರೂ ಅದಕ್ಕೊಂದು ಗುಣವಿತ್ತು: ತೇವದ ದಿನವೇ ಹಚ್ಚಿದರೂ ಅದು ಕೆಡುತ್ತಿರಲಿಲ್ಲ. ಬಟ್ಟೆಯಿಂದ ತಿಕ್ಕಿ ಹಚ್ಚುವಾಗ ಮರದ ಮೇಲಣ ನೀರಿನ ಪಸೆಯನ್ನು ಎಣ್ಣೆ ತಾನೇ ತಳ್ಳಿ ಜಾಗ ಹಿಡಿಯುತ್ತಿತ್ತು. ಈ ತಿಕ್ಕುವಿಕೆಯ ವಿಷಯಕ್ಕೆ ಮತ್ತೆ ಬರಬೇಕಾಗಿದೆ, ಓದುಗರು ಮನಸ್ಸಿನಲ್ಲಿಟ್ಟಿರಲಿ.

ಮೈಸೂರು ದೇಶಕ್ಕೆ ಬಣ್ಣವೆಂಬುದು ಹೊರಗಿನಿಂದ ಬಂದ ವಿದ್ಯೆಯೇನೂ ಅಲ್ಲ. ಜಾಲಾರಿಯ ಮರದ ಕೊಂಬೆಗಳಿಂದ ಇಳಿಸಿದ ಅರಗು ಚನ್ನಪಟ್ಟಣದ ಮರ ಕಡೆಯುವವರ ಕೈಯಲ್ಲಿ ಬೊಂಬೆಯ ಬಣ್ಣವಾಗಿ ಕರಗುತ್ತಿದ್ದಿತು. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನೊತ್ತಿದರೆ ಘರ್ಷಣೆಯ ಬಿಸಿಯಿಂದಲೇ ಬಣ್ಣ ಹತ್ತುವ ಆ ವಿಧಾನದಲ್ಲಿ ಹವೆಯ ತೇವ ಎಂಬ ಶತ್ರುವಿಗೆ ಪ್ರವೇಶವೇ ಇಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣಗಳ ಕಾರ್ಖಾನೆ ಸ್ಥಾಪಿತವಾದುದು ನಮ್ಮ ಕಾಡಿನ ಅರಗನ್ನು ಹಾಳುಗೆಡವಬಾರದೆಂಬ ದೂರದೃಷ್ಟಿಯಿಂದ. ಮತದಾರನ ಬೆರಳಿನ ಅಳಿಸಲಾಗದ ಶಾಯಿಗಾಗಿ 1962ರಿಂದ ದೇಶವೆಲ್ಲ ಬಲ್ಲ ಸಂಸ್ಥೆ ಅದೇ. ಶಾಯಿಯ ಕೀರ್ತಿಯ ನೆರಳಿನಲ್ಲಿ ಅದರ ಬಣ್ಣದ ಕಥೆ ಮರೆಯಾಗಿರುವುದು ನನಗೆ ಯಾವಾಗಲೂ ಅನ್ಯಾಯವಾಗಿ ಕಂಡಿದೆ.

ಇನ್ನು ಗನ್ನಿನ ಪೂರ್ವವೃತ್ತಾಂತ. ಗಾಳಿಯ ಬಲದಿಂದ ದ್ರವವನ್ನು ಕಣಕಣವಾಗಿ ಒಡೆದು ಚಿಮ್ಮಿಸುವ ಉಪಾಯವು ಮೊದಲು ಜನರ ಬಳಕೆಗೆ ಬಂದುದು ಚಿಕಿತ್ಸೆಯ ನಿಮಿತ್ತವಾಗಿ. ಅಮೆರಿಕದ ಟೊಲೀಡೊ ಪಟ್ಟಣದ ಅಲನ್ ಡೆವಿಲ್‌ಬಿಸ್ ಎಂಬ ವೈದ್ಯನು 1880ರ ದಶಕದ ಕೊನೆಯಲ್ಲಿ ರೋಗಿಗಳ ಗಂಟಲಿಗೆ ಔಷಧವನ್ನು ಸಿಂಪಡಿಸುವ ಸಣ್ಣದೊಂದು ಸಾಧನವನ್ನು ರಚಿಸಿದನು; ಅವನ ಮಗ ಥಾಮಸ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಆ ತತ್ತ್ವವನ್ನೇ ಬಣ್ಣಕ್ಕೆ ಒಗ್ಗಿಸಿದನು. ಇದಕ್ಕೂ ಮುಂಚೆ, ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನವು ಯಾವ ಮಹಾಪ್ರದರ್ಶನದ ಸಂದರ್ಭದಲ್ಲಿ ಜರುಗಿತೋ, 1893ರ ಆ ಷಿಕಾಗೊ ಪ್ರದರ್ಶನದ ಬೃಹತ್ ಕಟ್ಟಡಗಳನ್ನು ಕುಂಚದಿಂದ ಬಳಿಯುತ್ತ ಕುಳಿತರೆ ಕಾಲ ಸಾಲದೆಂದು ಒತ್ತಿದ ಗಾಳಿಯಿಂದ ಬಿಳಿಯ ಬಣ್ಣವನ್ನು ಸಿಂಪಡಿಸಿದ್ದರು. ಆದರೆ ಗನ್ನಿಗೆ ನಿಜವಾದ ರಾಜ್ಯಾಭಿಷೇಕವಾದುದು 1923ರ ಹೊತ್ತಿಗೆ, ಡ್ಯೂಪಾಂಟ್ ಕಂಪನಿ ‘ಡ್ಯೂಕೋ’ ಎಂಬ ನೈಟ್ರೊಸೆಲ್ಯುಲೋಸ್ ಬಣ್ಣವನ್ನು ಮೋಟಾರು ಗಾಡಿಗಳಿಗಾಗಿ ಹೊರತಂದಾಗ. ಕುಂಚದಿಂದ ವಾರ್ನಿಷನ್ನು ಪದರಪದರವಾಗಿ ಬಳಿದು ವಾರಗಟ್ಟಲೆ ಒಣಗಲು ಬಿಡುತ್ತಿದ್ದ ಕಾರುಗಳು ಈ ಬಣ್ಣದಿಂದ ಕೆಲವೇ ದಿನಗಳಲ್ಲಿ ಸಿದ್ಧವಾಗತೊಡಗಿದವು. ಅದು ಎಷ್ಟು ಬೇಗ ಒಣಗುತ್ತಿತ್ತೆಂದರೆ ಕುಂಚದಿಂದ ಎಳೆಯುವಷ್ಟರಲ್ಲಿಯೇ ಬಿಗಿದುಕೊಳ್ಳುತ್ತಿತ್ತು, ಆದುದರಿಂದ ಗನ್ನಿನ ಹೊರತು ಗತಿಯಿರಲಿಲ್ಲ. ಒಂದು ಕಂಪನಿಯ ಮುದ್ರೆಯಾಗಿದ್ದ ಆ ಶಬ್ದ ನಮ್ಮ ಗ್ಯಾರೇಜುಗಳಲ್ಲಿ ಅಂಥ ಬಣ್ಣಕ್ಕೆಲ್ಲ ಸಾಮಾನ್ಯನಾಮವಾಗಿ ನೆಲೆಸಿತು. ‘ಡ್ಯೂಕೋ ಹೊಡೆಸಬೇಕು’ ಎಂಬ ಮಾತನ್ನು ಇಂದಿಗೂ ಕೇಳಬಹುದು.

ಗನ್ನಿಗೆ ಗಾಳಿ ಬೇಕು, ಗಾಳಿಗೆ ಕಂಪ್ರೆಸರ್ ಬೇಕು, ಕಂಪ್ರೆಸರಿಗೆ ವಿದ್ಯುತ್ತು ಬೇಕು. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ 1905ರಲ್ಲಿಯೇ ಬಂದಿದ್ದಿತು. ವಿದ್ಯುತ್ ಮೋಟಾರುಗಳನ್ನು ಮಾಡುವ ಕಿರ್ಲೋಸ್ಕರ್ ಎಲೆಕ್ಟ್ರಿಕ್ 1946ರಲ್ಲಿ ಈ ಊರಿನಲ್ಲಿಯೇ ಆರಂಭವಾಯಿತು. ಕೊಯಮತ್ತೂರಿನ ಎಲ್ಜಿ ಸಂಸ್ಥೆ 1960ರಲ್ಲಿ ಹುಟ್ಟಿ ಗ್ಯಾರೇಜಿನ ಸಲಕರಣೆಗಳಿಗೂ ಕಂಪ್ರೆಸರಿಗೂ ಹೆಸರಾಯಿತು. ಆ ನಡುವೆ ಊರಿನ ದಕ್ಷಿಣದ ಅಂಚು ಬೆಳೆಯುತ್ತಿತ್ತು. 1948ರಲ್ಲಿ ರಾಜಾಜಿಯವರಿಂದ ಅನಾವೃತವಾದ ಅಶೋಕಸ್ತಂಭದ ಬಳಿಯಿಂದ ಜಯನಗರದ ಬಡಾವಣೆಗಳು ಹೊಲಗಳ ಮೇಲೆ ಗೆರೆಯೆಳೆದುಕೊಂಡು ಹೊರಟವು. ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆ ಡೀಸೆಲ್ ಯಂತ್ರಗಳಿಗೆ ಇಂಧನ ಹಾಯಿಸುವ ಪಂಪುಗಳನ್ನು ತಯಾರಿಸತೊಡಗಿತು. ಮುಂದೆ ಸಾರಕ್ಕಿಯ ಹೊಲಗಳಲ್ಲಿ ಕೈಗಾರಿಕಾ ಬಡಾವಣೆಯೊಂದು ಎದ್ದಿತು. ಲೇತು, ವೆಲ್ಡಿಂಗು, ಟಿಂಕರಿಂಗ್, ಪೇಂಟಿಂಗುಗಳ ಸಣ್ಣ ಅಂಗಡಿಗಳು ಇಂಥ ನೆರೆಯಲ್ಲಿ ಹುಟ್ಟದೆ ಬೇರೆಲ್ಲಿ ಹುಟ್ಟಬೇಕು?

ಯಂತ್ರಗಳೂ ಆಗಲೇ ಬಂದವು. ಮದರಾಸಿನ ಟ್ಯಾಫೆ ಕಂಪನಿಯ ಕೆಂಪು ಮ್ಯಾಸಿ ಫರ್ಗ್ಯುಸನ್, ಮಹೀಂದ್ರದ ಕೆಂಪು ಟ್ರಾಕ್ಟರು, ಇವು 1960ರ ದಶಕದ ಪ್ರಸಾದ. 1967 ನಮ್ಮ ಪಾಲಿಗೆ ಸ್ಮರಣೀಯವಾದ ವರ್ಷ: ರೈತರಿಗೆ ಯಂತ್ರಗಳನ್ನು ಒದಗಿಸಲು ರಾಜ್ಯದ ಆಗ್ರೋ ಇಂಡಸ್ಟ್ರೀಸ್ ಕಾರ್ಪೊರೇಷನ್ ಸ್ಥಾಪಿತವಾದುದೂ ಅದೇ ವರ್ಷ, ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ವಿ.ಎಸ್.ಟಿ. ಟಿಲ್ಲರ್ಸ್ ಟ್ರಾಕ್ಟರ್ಸ್ ಎಂಬ ಬೆಂಗಳೂರಿನ ಸಂಸ್ಥೆ ಪವರ್ ಟಿಲ್ಲರಿನ ಉದ್ಯಮಕ್ಕೆ ಹುಟ್ಟಿದುದೂ ಅದೇ ವರ್ಷ. ಕಾರ್ಖಾನೆಯಿಂದ ಬಂದ ಬಣ್ಣ ನಾಲ್ಕಾರು ಮಳೆಗಾಲಗಳನ್ನು ಕಂಡು ಸಿಪ್ಪೆಯೇಳತೊಡಗಿದಾಗ, ಕಾರಿಗೆ ಡ್ಯೂಕೋ ಹೊಡೆಯುತ್ತಿದ್ದ ನಗರದ ಮೇಸ್ತ್ರಿಯ ಮುಂದೆ ಆನೇಕಲ್ಲಿನ, ಕನಕಪುರದ ಟ್ರಾಕ್ಟರು ಬಂದು ನಿಂತಿತು. ಅವನ ವಿದ್ಯೆ ಪರೀಕ್ಷೆಗೆ ಸಿಕ್ಕಿದುದು ಅಲ್ಲಿ.

ಮೊದಲ ಪರೀಕ್ಷೆ ಬಣ್ಣವೇ ಬೆಳ್ಳಗಾಗುವುದು. ನೈಟ್ರೊಸೆಲ್ಯುಲೋಸ್ ಬಣ್ಣದಲ್ಲಿ ಕಲಸಿದ ಥಿನ್ನರ್ ಅತಿಶೀಘ್ರವಾಗಿ ಆವಿಯಾಗುವುದು. ಆವಿಯಾಗುವ ದ್ರವ ತಾನಿದ್ದ ಸ್ಥಳದ ಶಾಖವನ್ನು ಹೀರಿಕೊಂಡು ಹೋಗುವುದು, ಮಣ್ಣಿನ ಹೂಜಿಯ ನೀರು ತಣ್ಣಗಾಗುವಂತೆಯೇ. ಹೀಗೆ ತಣಿದ ಬಣ್ಣದ ಪದರವು ಸುತ್ತಲಿನ ಗಾಳಿಯ ಇಬ್ಬನಿಬಿಂದುವಿಗಿಂತ ಕೆಳಗಿಳಿದರೆ, ಗಾಳಿಯ ತೇವ ಅದರ ಮೇಲೆ ಕಣ್ಣಿಗೆ ಕಾಣದ ಹನಿಗಳಾಗಿ ಕೂರುವುದು, ಬಣ್ಣದೊಳಗೆ ಸೇರುವುದು, ಕೆಂಪು ಟ್ರಾಕ್ಟರು ಬೂದಿ ಬಳಿದಂತೆ ಮಂಕಾಗುವುದು. ಮೇಸ್ತ್ರಿಗಳು ಇದನ್ನು ಇಂಗ್ಲಿಷಿನ ಹೆಸರಿನಿಂದಲೇ ಬ್ಲಶಿಂಗ್ ಎನ್ನುವರು. ನಾಚಿ ಕೆಂಪಾಗುವುದೆಂಬ ಅರ್ಥದ ಆ ಮಾತು ಬಣ್ಣ ಬಿಳಿಚಿಕೊಳ್ಳುವುದಕ್ಕೆ ಹೇಗೆ ಅಂಟಿಕೊಂಡಿತೋ! ಬಣ್ಣ ಹೊಡೆಯುವ ಲೋಹ ಇಬ್ಬನಿಬಿಂದುವಿಗಿಂತ ಕಡಮೆಯೆಂದರೆ 3 ಡಿಗ್ರಿಯಾದರೂ ಬೆಚ್ಚಗಿರಬೇಕು, ಗಾಳಿಯ ಆರ್ದ್ರತೆ ನೂರಕ್ಕೆ 85ನ್ನು ಮೀರಬಾರದು ಎಂಬುದು ಈ ಕಸುಬಿನ ಸರ್ವಸಮ್ಮತವಾದ ನಿಯಮ. ಬೆಂಗಳೂರಿನ ಸೆಪ್ಟೆಂಬರಿನ ಬೆಳಗ್ಗೆ, ಅದರಲ್ಲಿಯೂ ಮಡಿವಾಳದ ಕೆರೆಯಂಥ ನೀರಿನ ಪಕ್ಕದಲ್ಲಿ, ಈ ಎರಡು ನಿಯಮಗಳನ್ನೂ ಪಾಲಿಸುವುದು ಸುಲಭವಲ್ಲ. ರಾತ್ರಿಯೆಲ್ಲ ಬಯಲಲ್ಲಿ ನಿಂತ ಟ್ರಾಕ್ಟರಿನ ಎರಕದ ಕಬ್ಬಿಣ ಬಹಳ ಹೊತ್ತು ತಣ್ಣಗೇ ಉಳಿಯುವುದರಿಂದ, ಬಾನೆಟ್ಟಿನ ತಗಡು ಬಿಸಿಲಿಗೆ ಕಾದಿದ್ದರೂ ಗೇರುಬಾಕ್ಸಿನ ಮೈಮೇಲೆ ಪಸೆ ಇದ್ದೇ ಇರುವುದು.

ಹಿಂದೊಮ್ಮೆ ನಮ್ಮ ಬಂಧುಗಳೊಬ್ಬರ ಟ್ರೈಲರನ್ನು ಹಬ್ಬದ ಅವಸರದಲ್ಲಿ ತುಂತುರು ಮಳೆಯ ಸಂಜೆ ಬಣ್ಣಕ್ಕೆ ಬಿಟ್ಟಿದ್ದೆವು. ‘ಬಿಸಿಲು ಬರಲಿ ಗೌಡ್ರೇ, ಇವತ್ತು ಬ್ಯಾಡ’ ಎಂದು ಮೇಸ್ತ್ರಿ ಬೇಡಿಕೊಂಡರೂ, ‘ಹಬ್ಬ ಕಾಯ್ತದೇನಪ್ಪ?’ ಎಂದು ನಮ್ಮವರು ಹಟ ಹಿಡಿದರು. ಮರುದಿನ ನೋಡಿದರೆ ನೀಲಿಯ ಮೇಲೆಲ್ಲ ಹಾಲಿನ ಕೆನೆ ಕಟ್ಟಿದಂತಿತ್ತು. ಆ ಮೇಸ್ತ್ರಿ ಒಂದೇ ಒಂದು ಮರುಮಾತಾಡದೆ ಬಿಸಿಲೇರುವವರೆಗೆ ಕಾದು, ನಿಧಾನವಾಗಿ ಆರುವ ಥಿನ್ನರನ್ನು ತೆಳ್ಳಗೆ ಮತ್ತೊಮ್ಮೆ ಅದರ ಮೇಲೆ ಹಾಯಿಸಿದನು. ಒಳಗೆ ಸಿಕ್ಕಿದ್ದ ನೀರು ಹೊರಬಂದು ಅರ್ಧಕ್ಕರ್ಧ ಬಣ್ಣ ತಿರುಗಿ ತಿಳಿಯಾಯಿತು. ರಿಟಾರ್ಡರ್ ಎಂಬ ಆ ದ್ರವದ ಹಿಂದಿನ ರಸಾಯನವನ್ನು ನಾನು ಪುಸ್ತಕದಲ್ಲಿ ಓದಿದುದು ಎಷ್ಟೋ ಕಾಲದ ಮೇಲೆ. ಓದುವಾಗಲೆಲ್ಲ ಅವನ ಕೈ ನನ್ನ ಕಣ್ಣಮುಂದೆ ಬರುತ್ತಿತ್ತು.

ಎರಡನೆಯ ಪರೀಕ್ಷೆ ಇನ್ನೂ ಗೂಢವಾದುದು, ಏಕೆಂದರೆ ಶತ್ರು ಆಕಾಶದಿಂದ ಬಾರದೆ ಸಲಕರಣೆಯ ಹೊಟ್ಟೆಯಿಂದಲೇ ಬರುವನು. 25 ಡಿಗ್ರಿ ಶಾಖದಲ್ಲಿ, ನೂರಕ್ಕೆ 80ರ ಆರ್ದ್ರತೆಯಲ್ಲಿ, ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 18 ಗ್ರಾಂ ನೀರು ಆವಿಯಾಗಿ ಅಡಗಿರುತ್ತದೆ. ಕಂಪ್ರೆಸರು ಆ ಗಾಳಿಯನ್ನು ಎಂಟರಲ್ಲಿ ಒಂದು ಪಾಲಿನ ಜಾಗಕ್ಕೆ ಒತ್ತಿ ತಣಿಸಿದಾಗ, ಅಷ್ಟು ಕಿರಿಯ ಜಾಗ 3 ಗ್ರಾಮಿಗಿಂತ ಹೆಚ್ಚು ಆವಿಯನ್ನು ಹಿಡಿದಿಟ್ಟುಕೊಳ್ಳಲಾರದು. ಉಳಿದ 15 ಗ್ರಾಂ ನೀರಾಗಿ ಇಳಿಯಲೇಬೇಕು. ಗಂಟೆಗೆ ಹದಿನೇಳು ಘನಮೀಟರ್ ಗಾಳಿಯನ್ನು ನುಂಗುವ ಸಾಧಾರಣ ಗ್ಯಾರೇಜಿನ ಯಂತ್ರವೊಂದು ಹೀಗೆ ಗಂಟೆಗೊಮ್ಮೆ ಕಾಲು ಲೀಟರಿನಷ್ಟು ನೀರನ್ನು ಹೆರುವುದು. ಆ ನೀರು ಟ್ಯಾಂಕಿನ ಅಡಿಯಲ್ಲಿ ನಿಂತರೆ ಕ್ಷೇಮ. ಕೊಳವೆಯನ್ನು ಹಿಡಿದು ಗನ್ನಿಗೆ ಬಂದರೆ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಗುಳಿಗಳೂ ಬೊಬ್ಬೆಗಳೂ ಏಳುವುವು. ಕಾರಣವನ್ನು ಅರಿಯದವರು ಬಣ್ಣದ ಕಂಪನಿಯನ್ನು ಬೈದರು. ಅರಿತವರು ದಿನಕ್ಕೆರಡು ಬಾರಿ ಟ್ಯಾಂಕಿನ ಅಡಿಯ ನಲ್ಲಿಯನ್ನು ಬಿಚ್ಚಿದರು, ಗಾಳಿಯ ಕೊಳವೆಯನ್ನು ಕಂಪ್ರೆಸರಿನ ಕಡೆಗೆ ಇಳಿಜಾರಾಗಿರುವಂತೆ ಕಟ್ಟಿ ನೀರು ಹಿಂದಕ್ಕೇ ಹರಿಯುವ ಹಾಗೆ ಮಾಡಿದರು, ಕವಲುಗಳನ್ನು ಕೊಳವೆಯ ಮೇಲ್ಮೈಯಿಂದ ತೆಗೆದರು, ನೀರನ್ನು ಬೇರ್ಪಡಿಸುವ ಬಟ್ಟಲನ್ನು ಕಂಪ್ರೆಸರಿನ ಮಗ್ಗುಲಲ್ಲಿಡದೆ, ಗಾಳಿ ತಣಿಯಲು ಅವಕಾಶವಾಗುವಂತೆ, ಇಪ್ಪತ್ತೈದು ಅಡಿ ದೂರದಲ್ಲಿಟ್ಟರು. ಗನ್ನಿನ ಬೆಲೆಯನ್ನು ಕೇಳುವವನಿಗಿಂತ ಈ ಬಟ್ಟಲಿನ ಸ್ಥಾನವನ್ನು ಕೇಳುವವನೇ ಸಲಕರಣೆಯ ಮರ್ಮವನ್ನು ಬಲ್ಲವನು. ತೇವದ ಊರಿನಲ್ಲಿ ಹಣವನ್ನು ಮೊದಲು ಗಾಳಿಯನ್ನು ಒಣಗಿಸುವುದಕ್ಕೆ ವೆಚ್ಚ ಮಾಡತಕ್ಕದ್ದು, ಉಳಿದುದನ್ನು ಗನ್ನಿಗೆ.

ಗನ್ನಿನ ಆಯ್ಕೆಯಲ್ಲಿಯೂ ಬೇಸಾಯದ ಯಂತ್ರ ತನ್ನ ಹಟವನ್ನು ಸಾಧಿಸಿತು. ಕೆಳಗೆ ಬಟ್ಟಲು ತೂಗುವ ಹಳೆಯ ಹೀರುಗನ್ನು ಬಾನೆಟ್ಟಿಗೂ ಮಡ್ಗಾರ್ಡಿಗೂ ಸೊಗಸಾಗಿ ಒದಗಿತು. ಆದರೆ ಟ್ರೈಲರಿನ ಅಡಿಗೆ, ರೋಟವೇಟರಿನ ಒಳಸಂದಿಗೆ ಅದನ್ನು ಓರೆಯಾಗಿ ಎತ್ತಿದರೆ ಬಣ್ಣ ಮೈಮೇಲೆಯೇ ಸುರಿಯುವುದು. ಅಂಥ ಕೆಲಸಕ್ಕೆ ಬಣ್ಣವನ್ನು ಬೇರೆಯೇ ಪಾತ್ರೆಯಲ್ಲಿಟ್ಟು ಒತ್ತಡದಿಂದ ಕೊಳವೆಯ ಮೂಲಕ ಕಳುಹಿಸುವ ಪ್ರೆಶರ್ ಪಾಟ್ ಬೇಕಾಯಿತು. ಮೇಲೆ ಬಟ್ಟಲಿರುವ ಗನ್ನು ಕಡಮೆ ಗಾಳಿಯಲ್ಲಿ ಕೆಲಸ ಮಾಡುವುದರಿಂದ ಕಡಮೆ ನೀರನ್ನೂ ತರುವುದು. ತೆಳುವಾದ ಬಣ್ಣಕ್ಕೆ 1.4 ಮಿಲಿಮೀಟರಿನ ಬಾಯಿ ಸಾಕು, ದಪ್ಪ ಪ್ರೈಮರಿಗೆ 1.8ರಿಂದ 2ರವರೆಗೆ ಬೇಕು. ಬಣ್ಣವೂ ಬದಲಾಯಿತು. ಡೀಸೆಲ್ಲಿಗೂ ಸಗಣಿಗೂ ಹೆಚ್ಚು ತಾಳುವ, ತೇವಕ್ಕೆ ಸುಲಭವಾಗಿ ಬಿಳಿಚಿಕೊಳ್ಳದ ಸಿಂಥೆಟಿಕ್ ಎನಾಮೆಲ್ ಟ್ರಾಕ್ಟರಿನ ಮೇಲೆ ಡ್ಯೂಕೋವನ್ನು ಹಿಂದಿಕ್ಕಿತು. ಒಣಗಲು ಅದಕ್ಕೆ ಒಂದು ರಾತ್ರಿಯೇ ಬೇಕು, ಅಷ್ಟರೊಳಗೆ ಧೂಳೂ ಹಾತೆಗಳೂ ಬಂದು ಕೂರುವುವು ಎಂಬ ಸಂಕಟ ಬೇರೆ. ಗಾಳಿಯನ್ನೇ ಬೆರೆಸದೆ ಬಣ್ಣವನ್ನು ಚದರ ಅಂಗುಲಕ್ಕೆ ಎರಡು ಮೂರು ಸಾವಿರ ಪೌಂಡುಗಳ ಒತ್ತಡದಿಂದ ಕಿರುರಂಧ್ರದ ಮೂಲಕ ನುಗ್ಗಿಸುವ ಏರ್‌ಲೆಸ್ ಯಂತ್ರವು ಕಂಪ್ರೆಸರಿನ ನೀರಿನ ಕಾಟವನ್ನೇ ಬೇರುಸಹಿತ ಕಿತ್ತುಹಾಕುವಂಥದು; ಟ್ರೈಲರಿನಂಥ ವಿಶಾಲವಾದ ತಗಡಿಗೆ ಅದಕ್ಕಿಂತ ಒಳ್ಳೆಯದಿಲ್ಲವೆಂದು ನನ್ನ ಮತ. ಆದರೆ ಅದರ ಧಾರೆ ಚರ್ಮವನ್ನು ಕೊರೆದು ಒಳಹೊಗಬಲ್ಲದು. ಅಂಥ ಗಾಯ ಸೂಜಿಮೊನೆಯಷ್ಟೇ ಕಂಡರೂ ಕೂಡಲೇ ಶಸ್ತ್ರವೈದ್ಯನ ಬಳಿಗೆ ಓಡಬೇಕು.

ಇಷ್ಟೆಲ್ಲ ಯಂತ್ರಗಳ ನಡುವೆಯೂ ಹಳೆಯ ಮೇಸ್ತ್ರಿಗಳು ಮೊದಲ ಲೇಪಕ್ಕೆ, ಎಂದರೆ ರೆಡ್ ಆಕ್ಸೈಡ್ ಪ್ರೈಮರಿಗೆ, ಕುಂಚವನ್ನೇ ಹಿಡಿದರು. ಕಂಡವರು ಅದನ್ನು ಹಿಂದುಳಿದವರ ಮೊಂಡುತನವೆಂದರು. ಆದರೆ ತುಕ್ಕಿನ ಗುಳಿಗಳಲ್ಲಿ ಅಡಗಿದ ಪಸೆಯನ್ನು ಗನ್ನಿನ ಮಂಜು ಮುಚ್ಚಿಬಿಡುವುದೇ ಹೊರತು ಹೊರದೂಡಲಾರದು. ಕುಂಚದ ಕೂದಲು ಬಣ್ಣವನ್ನು ಆ ಗುಳಿಯೊಳಗೆ ತಿಕ್ಕಿ ತೇವವನ್ನು ಎಬ್ಬಿಸಿ ತಳ್ಳುವುದು. ನೇಗಿಲ ಮೇಳಿಗೆ ಹೊಂಗೆಯೆಣ್ಣೆಯನ್ನು ಬಟ್ಟೆಯಿಂದ ತಿಕ್ಕುತ್ತಿದ್ದ ಬೈರಸಂದ್ರದ ಒಕ್ಕಲಿಗನ ಕೈಯ ವಿದ್ಯೆ ಇದೇ ಅಲ್ಲವೆ? ಇನ್ನೊಂದು ಎಚ್ಚರವನ್ನೂ ಅವರು ಅನುಭವದಿಂದಲೇ ಕಲಿತರು. ರಾಸಾಯನಿಕ ಗೊಬ್ಬರ ಹೊತ್ತ ಟ್ರೈಲರನ್ನು ಸೀಮೆಎಣ್ಣೆಯಿಂದ ಎಷ್ಟು ಒರೆಸಿದರೂ ಗೊಬ್ಬರದ ಉಪ್ಪು ಹೋಗದು. ಬಣ್ಣದ ಕೆಳಗೆ ಉಳಿದ ಉಪ್ಪು ಹವೆಯ ತೇವವನ್ನು ಬಣ್ಣದ ಮೂಲಕವೇ ಎಳೆದುಕೊಂಡು ಮುಂದಿನ ಮಳೆಗಾಲಕ್ಕೆ ಬೊಬ್ಬೆಯೆಬ್ಬಿಸುವುದು. ಆದುದರಿಂದ ಮೊದಲು ಗ್ರೀಸಿಗೆ ಸೀಮೆಎಣ್ಣೆ, ಆಮೇಲೆ ಉಪ್ಪಿಗೆ ಧಾರಾಳವಾದ ಸಿಹಿನೀರು, ಆಮೇಲೆ ಬಿಸಿಲು. ತೇವದಿಂದ ಕಾಯಬೇಕಾದ ವಸ್ತುವನ್ನು ನೀರಿನಿಂದಲೇ ತೊಳೆಯಬೇಕಾದ ಈ ಕ್ರಮ ಹೊಸಬನಿಗೆ ಒಗಟಿನಂತೆ ಕಾಣುವುದು ಸಹಜ.

ಈ ಕಸುಬಿನವರ ದೇಹದ ಮಾತನ್ನು ಆಡದೆ ಮುಂದುವರಿಯುವುದು ಕೃತಘ್ನತೆ. ಹಳೆಯ ಗನ್ನಿನಿಂದ ಹೊರಟ ಬಣ್ಣದಲ್ಲಿ ಅರ್ಧಕ್ಕಿಂತ ಹೆಚ್ಚು ಯಂತ್ರದ ಮೇಲೆ ಕೂರದೆ ಗಾಳಿಯ ಪಾಲಾಗುತ್ತಿತ್ತು; ಮುಖಕ್ಕೆ ಕಟ್ಟಿದ ಟವಲ್ಲೊಂದೇ ಅದಕ್ಕೂ ಮೇಸ್ತ್ರಿಯ ಶ್ವಾಸಕೋಶಕ್ಕೂ ನಡುವಣ ತಡೆ. ಸಂಜೆ ಒಂದು ತುಂಡು ಬೆಲ್ಲ ತಿಂದರೆ ಎದೆಗೆ ಸೇರಿದ್ದು ಇಳಿಯುವುದೆಂಬ ನಂಬಿಕೆ ಅವರನ್ನು ಸಂತೈಸಿತೇ ಹೊರತು ಕಾಪಾಡಲಿಲ್ಲ. ಟ್ರಾಕ್ಟರುಗಳಿಗೆ ಪ್ರಿಯವಾದ ಹಳದಿ ಕೆಂಪುಗಳಲ್ಲಿ ಸೀಸದ ಕ್ರೋಮೇಟು ಬಹುಕಾಲ ಬಳಕೆಯಲ್ಲಿದ್ದಿತು. ಮನೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿದರೂ ಅದು ಗೃಹಾಲಂಕಾರದ ಬಣ್ಣಗಳಿಗೆ ಸಂಬಂಧಿಸಿದ್ದು, ಯಂತ್ರದ ಬಣ್ಣಗಳಿಗಲ್ಲ. ಬಾಯಲ್ಲಿ 10 ಪೌಂಡಿಗೆ ಮೀರದ ಒತ್ತಡದಿಂದ ಮೆಲ್ಲನೆ ಸಿಂಪಡಿಸುವ ಎಚ್.ವಿ.ಎಲ್.ಪಿ. ಗನ್ನುಗಳನ್ನು ಅಮೆರಿಕದ ಕ್ಯಾಲಿಫೋರ್ನಿಯದವರು ಊರಿನ ಗಾಳಿ ಕೆಡಬಾರದೆಂದು ಕಡ್ಡಾಯದ ದಾರಿಗೆ ತಂದರು. ನಮ್ಮಲ್ಲಿ ಅವನ್ನು ಕೊಳ್ಳುವವರು ಬಣ್ಣ ಉಳಿಯುವುದೆಂದು ಕೊಳ್ಳುವರು. ಹೊಡೆಯುವವನ ಉಸಿರೂ ಉಳಿಯುವುದೆಂಬುದಕ್ಕಾಗಿ ಕೊಂಡರೆ ನನಗೆ ಇನ್ನೂ ಸಂತೋಷ.

ನವಮಿಯ ಹಿಂದಿನ ರಾತ್ರಿ ಕೊನೆಯ ಗಾಡಿಗೆ ಕೊನೆಯ ಕೈ ಹಾಕಿ, ಟೈರಿಗೆ ಮೆತ್ತಿದ ಗ್ರೀಸನ್ನೂ ಗಾಜಿಗೆ ಅಂಟಿಸಿದ ಹಳೆಯ ಪತ್ರಿಕೆಗಳನ್ನೂ ತೆಗೆದು ಮುಗಿಯುವಷ್ಟರಲ್ಲಿ ಕೋಳಿ ಕೂಗುವ ಹೊತ್ತಾಗುವುದು. ಹಸಿ ಎನಾಮೆಲಿನ ಮೇಲೆ ಕುಂಕುಮದ ಎಣ್ಣೆ ಹತ್ತಿದರೆ ಕಲೆ ಉಳಿಯುವುದೆಂದು ಬಲ್ಲ ಮೇಸ್ತ್ರಿ, ಬೊಟ್ಟನ್ನು ಬಾನೆಟ್ಟಿಗಿಡದೆ ಗಾಜಿಗಿಡಿರೆಂದು ಒಡೆಯನಿಗೆ ಹೇಳಿ ಕಳುಹಿಸುವನು. ಆಮೇಲೆ ತನ್ನ ಸಲಕರಣೆಗಳ ಸರದಿ. ಗನ್ನುಗಳನ್ನು ಥಿನ್ನರಿನಲ್ಲಿ ತೊಳೆದು ಬಾಳೆಲೆಯ ಮೇಲೆ ಸಾಲಾಗಿಟ್ಟು, ಹಳೆಯ ಕುಂಚಗಳನ್ನೂ ಅವುಗಳ ಪಕ್ಕದಲ್ಲಿ ಮಲಗಿಸಿ, ಕಂಪ್ರೆಸರಿಗೆ ಸೇವಂತಿಗೆಯ ಹಾರ ಹಾಕುವ ಮೊದಲು ಬಗ್ಗಿ ಅದರ ಅಡಿಯ ನಲ್ಲಿಯನ್ನು ತಿರುಗಿಸುವನು. ತುಕ್ಕುಬಣ್ಣದ ನೀರು ಸರ್ರೆಂದು ಚಿಮ್ಮಿ, ತೆಳುವಾಗಿ, ಕೊನೆಗೆ ಬರಿಯ ಗಾಳಿಯಾಗಿ ಬರುವವರೆಗೂ ಕಾಯುವನು. ಹೊರಗೆ ನಾಲ್ಕು ನಿಂಬೆಹಣ್ಣುಗಳನ್ನು ಅರೆದು ಟ್ರಾಕ್ಟರು ಕನಕಪುರ ರಸ್ತೆಗೆ ಇಳಿದಾಗ, ಸಣ್ಣಗೆ ಹನಿಯಲು ಆರಂಭವಾಗಿರುತ್ತದೆ.